ಡಾಕ್ಸಿಸೈಕ್ಲಿನ್: ಒಂದು ಲೋಟ ನೀರು, ನೆಟ್ಟಗೆ ಅರ್ಧ ಗಂಟೆ

ಮಳೆಗಾಲದ ಮುಂಬೈ ನಿಮಗೆ ಗೊತ್ತಿದ್ದರೆ ಇದೂ ಗೊತ್ತಿರುತ್ತದೆ. ಲೋಕಲ್ ರೈಲು ನಿಂತಿದೆ, ಹಿಂದ್‌ಮಾತಾದಲ್ಲಿ ಮೊಣಕಾಲುದ್ದ ನೀರು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದೇ ಮನೆ ಸೇರುತ್ತೀರಿ. ನಿಂತ ನೀರಿನಲ್ಲಿ ನಡೆದವರು 24ರಿಂದ 72 ಗಂಟೆಯೊಳಗೆ ವೈದ್ಯರನ್ನು ಕಂಡು ಇಲಿ ಜ್ವರ ತಡೆಯುವ ಔಷಧ ತೆಗೆದುಕೊಳ್ಳಬೇಕು ಎಂದು ಮಹಾನಗರಪಾಲಿಕೆ ಪ್ರತಿ ವರ್ಷ ಹೇಳುತ್ತದೆ. ಇಲಿ ಜ್ವರ ಎಂದರೆ ಲೆಪ್ಟೊಸ್ಪೈರೋಸಿಸ್. ಇಲಿ, ನಾಯಿ, ದನಗಳ ಮೂತ್ರ ಬೆರೆತ ನೀರಿನಲ್ಲಿರುವ ಬ್ಯಾಕ್ಟೀರಿಯಾ ಕಾಲಿನ ಗಾಯ, ಬಿರುಕುಗಳ ಮೂಲಕ ಒಳಸೇರುತ್ತದೆ. 2005ರ ಜುಲೈ 26ರ ಮಹಾಮಳೆಯ ನಂತರ ಈ ರೋಗ ನಗರವನ್ನು ಚೆನ್ನಾಗಿಯೇ ಕಾಡಿತ್ತು.

ಆಗ ವೈದ್ಯರು ಹೆಚ್ಚಾಗಿ ಬರೆಯುವ ಮಾತ್ರೆ ಡಾಕ್ಸಿಸೈಕ್ಲಿನ್. ಚೆನ್ನೈ, ವೆಲ್ಲೂರು ಕಡೆ ಇರುವವರಿಗೆ ಇದು ಸ್ಕ್ರಬ್ ಟೈಫಸ್ ಜ್ವರದ ಔಷಧವಾಗಿ ಪರಿಚಯ. ಹದಿಹರೆಯದ ಮಕ್ಕಳಿಗೆ ಮೊಡವೆಗೂ ಇದನ್ನು ಕೊಡುತ್ತಾರೆ. ಹಳೆಯ, ಅಗ್ಗದ, ಚೆನ್ನಾಗಿ ಕೆಲಸ ಮಾಡುವ ಔಷಧ. ಆದರೆ ನುಂಗುವ ರೀತಿ ತಪ್ಪಿದರೆ ತೊಂದರೆ ಕೊಡುವ ಔಷಧವೂ ಹೌದು.

ಮಲಗುವ ಮುಂಚೆ ಬೇಡ

ರಾತ್ರಿ ಹಾಸಿಗೆಯ ಮೇಲೆ ಕೂತು, ಒಂದು ಗುಟುಕು ನೀರಿನಲ್ಲಿ ಮಾತ್ರೆ ನುಂಗಿ ಹಾಗೇ ಮಲಗುವುದು ನಮ್ಮಲ್ಲಿ ಅನೇಕರ ಅಭ್ಯಾಸ. ಬೇರೆ ಮಾತ್ರೆಗಳಲ್ಲಿ ಇದು ನಡೆದುಹೋಗಬಹುದು. ಡಾಕ್ಸಿಸೈಕ್ಲಿನ್‌ನಲ್ಲಿ ನಡೆಯುವುದಿಲ್ಲ. ಇದು ಆಮ್ಲೀಯ ಗುಣದ ಔಷಧ. ಸಾಕಷ್ಟು ನೀರಿಲ್ಲದೆ ಅನ್ನನಾಳದ ಮಧ್ಯದಲ್ಲೇ ಅಂಟಿಕೊಂಡು ಕರಗಿದರೆ ಅಲ್ಲಿನ ಒಳಪೊರೆ ಸುಟ್ಟಂತಾಗಿ ಹುಣ್ಣಾಗುತ್ತದೆ. ಕ್ಯಾಪ್ಸೂಲ್‌ಗೆ ಈ ಅಂಟಿಕೊಳ್ಳುವ ಗುಣ ಇನ್ನೂ ಜಾಸ್ತಿ. ಮರುದಿನ ಎದೆಯ ಮಧ್ಯೆ ಚುಚ್ಚಿದ ಹಾಗೆ ನೋವು. ಉಗುಳು ನುಂಗಿದರೂ ಉರಿ. ಹೃದಯಾಘಾತವೇನೋ ಎಂದು ಹೆದರಿ ಆಸ್ಪತ್ರೆಗೆ ಓಡುವವರೂ ಇದ್ದಾರೆ. (ಎದೆನೋವು ಬಂದಾಗ ಹೋಗುವುದೇ ಸರಿ, ಅದನ್ನು ಮನೆಯಲ್ಲಿ ಕೂತು ನಿರ್ಧರಿಸಬೇಡಿ. ಈ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಮಾತ್ರ ತಪ್ಪದೆ ಹೇಳಿ.)

ಇದನ್ನು ತಪ್ಪಿಸುವುದು ಸುಲಭ. ತುಂಬಿದ ಒಂದು ಲೋಟ ನೀರಿನೊಂದಿಗೆ, ನಿಂತೋ ನೆಟ್ಟಗೆ ಕೂತೋ ನುಂಗಿ. ಆಮೇಲೆ ಕನಿಷ್ಠ ಅರ್ಧ ಗಂಟೆ ಮಲಗಬೇಡಿ. ದಿನಕ್ಕೆ ಎರಡು ಸಲ ಬರೆದಿದ್ದರೆ ಎರಡನೆಯದನ್ನು ರಾತ್ರಿ ಊಟದ ಜೊತೆಗೇ ಮುಗಿಸಿಬಿಡಿ. ಊಟದ ನಂತರ ತೆಗೆದುಕೊಂಡರೆ ವಾಕರಿಕೆಯೂ ಕಡಿಮೆ. ಹಾಸಿಗೆ ಹಿಡಿದ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಎಬ್ಬಿಸಿ ಕೂರಿಸಿ ಕೊಡಿ. ನುಂಗುವುದೇ ಕಷ್ಟ ಎನ್ನುವವರಾದರೆ ವೈದ್ಯರಿಗೆ ಮೊದಲೇ ತಿಳಿಸಿ.

ಹಾಲಿನ ಜೊತೆ ಏಕೆ ಕೂಡದು

“ಮಾತ್ರೆ ಉಷ್ಣ, ಹಾಲಿನ ಜೊತೆ ತಗೋ” ಎನ್ನುವ ಅಜ್ಜಿಯ ಮಾತು ಇಲ್ಲಿ ಹೊಂದುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸತು ಇವೆಲ್ಲ ಹೊಟ್ಟೆಯೊಳಗೆ ಡಾಕ್ಸಿಸೈಕ್ಲಿನ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಹಿಡಿಯುತ್ತವೆ. ನೀವು ನುಂಗಿದ್ದು 100 ಮಿಲಿಗ್ರಾಂ ಆದರೂ ರೋಗದ ಮೇಲೆ ಕೆಲಸಕ್ಕೆ ಸಿಗುವುದು ಅದಕ್ಕಿಂತ ಕಡಿಮೆ. ಹಾಲಿನಿಂದ ಆಗುವ ನಷ್ಟ ಸುಮಾರು ಐದನೇ ಒಂದು ಭಾಗ. ಕಬ್ಬಿಣದ ಮಾತ್ರೆಯಿಂದ ಆಗುವುದು ಇನ್ನೂ ಹೆಚ್ಚು. ಅಸಿಡಿಟಿಗೆ ಕುಡಿಯುವ ಗುಲಾಬಿ ಬಣ್ಣದ ಸಿರಪ್ಪು, ಕ್ಯಾಲ್ಸಿಯಂ ಮಾತ್ರೆ, ಮಲ್ಟಿವಿಟಮಿನ್ ಕೂಡ ಇದೇ ಸಾಲಿಗೆ ಸೇರಿದವು. ಹಾಲು ಹಾಕಿದ ರಾಗಿ ಮಾಲ್ಟ್, ಒಂದು ದೊಡ್ಡ ಲೋಟ ಮಜ್ಜಿಗೆಯೂ ಅಷ್ಟೇ.

ಇವನ್ನೆಲ್ಲ ಬಿಡಬೇಕೆಂದಲ್ಲ. ಮಾತ್ರೆಗೂ ಇವಕ್ಕೂ ಎರಡು ಮೂರು ಗಂಟೆ ಅಂತರವಿರಲಿ. ಬೆಳಿಗ್ಗೆ ಇಡ್ಲಿ ತಿಂದು ಮಾತ್ರೆ, ಕಬ್ಬಿಣದ ಮಾತ್ರೆ ಮಧ್ಯಾಹ್ನಕ್ಕೆ, ಹೀಗೆ ಹೊಂದಿಸಿಕೊಂಡರೆ ಆಯಿತು. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ, ಅದನ್ನು ಔಷಧವೆಂದು ಲೆಕ್ಕಕ್ಕೇ ಹಿಡಿಯದೆ ವೈದ್ಯರಿಗೆ ಹೇಳಲು ಮರೆಯುತ್ತಾರೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಈ ಔಷಧ ನಡೆಯುವಾಗ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಹೈದರಾಬಾದು, ದೆಹಲಿಯ ಬಿಸಿಲಿನಲ್ಲಿ ಬೈಕ್ ಓಡಿಸುವವರು ತುಂಬುತೋಳಿನ ಅಂಗಿ ಹಾಕಿಕೊಳ್ಳಿ.

ಚೀಟಿ ಯಾರದು?

ಪಕ್ಕದ ಫ್ಲ್ಯಾಟಿನವರು ಉಳಿದ ಅರ್ಧ ಸ್ಟ್ರಿಪ್ ಕೊಟ್ಟರು ಅಂದುಕೊಳ್ಳಿ. ಅವರಿಗೆ ಬರೆದ ಲೆಕ್ಕ ನಿಮಗೆ ಹೊಂದುವುದಿಲ್ಲ. ಪ್ರವಾಹದ ನೀರಿನಲ್ಲಿ ನಡೆದವರಿಗೆ, ಕಾಲಿನಲ್ಲಿ ಗಾಯವಿದೆಯೇ, ಎಷ್ಟು ಹೊತ್ತು, ಎಷ್ಟು ಸಲ ನೀರಿನಲ್ಲಿದ್ದರು ಎಂಬುದನ್ನು ನೋಡಿ ಒಂದೇ ಸಲ 200 ಮಿಲಿಗ್ರಾಂ ಕೊಡಬಹುದು, ಕೆಲವು ವಾರ ವಾರಕ್ಕೊಮ್ಮೆಯೂ ಕೊಡಬಹುದು. ಜ್ವರ ಬಂದ ಮೇಲಿನ ಚಿಕಿತ್ಸೆ ಬೇರೆ, ಸಾಮಾನ್ಯವಾಗಿ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಸುಮಾರು ಒಂದು ವಾರ. ಮೊಡವೆಯ ಲೆಕ್ಕವೇ ಮತ್ತೊಂದು. ಅದೂ ಅಲ್ಲದೆ, ಮಳೆಗಾಲದ ಜ್ವರ ಡೆಂಗಿಯೂ ಆಗಿರಬಹುದು. ಡೆಂಗಿ ವೈರಸ್‌ನಿಂದ ಬರುವುದು, ಅದಕ್ಕೆ ಈ ಮಾತ್ರೆಯಿಂದ ಉಪಯೋಗವಿಲ್ಲ. ಸ್ಟ್ರಿಪ್‌ನ ಹಿಂದಿನ ಕೆಂಪು ಗೆರೆ ಅಲಂಕಾರಕ್ಕಲ್ಲ. ಚೀಟಿಯಿಲ್ಲದೆ ಕೊಳ್ಳಬಾರದ ಔಷಧವನ್ನು ಜನ ಗುರುತಿಸಲಿ ಎಂದು ಕೇಂದ್ರ ಸರ್ಕಾರ 2016ರಲ್ಲಿ ಅದರ ಬಗ್ಗೆ ಪ್ರಚಾರ ಶುರುಮಾಡಿತು.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು ತಾವಾಗಿ ಇದನ್ನು ಮುಟ್ಟಬಾರದು. ಎಂಟು ವರ್ಷದೊಳಗಿನ ಮಕ್ಕಳಿಗೆ ಹಲ್ಲು ಕಲೆಯಾಗುತ್ತದೆ ಎಂಬ ಎಚ್ಚರಿಕೆ ಈ ಗುಂಪಿನ ಹಳೆಯ ಔಷಧಗಳಿಂದ ಬಂದದ್ದು. ಸ್ಕ್ರಬ್ ಟೈಫಸ್‌ನಂಥ ಪ್ರಾಣಕ್ಕೆ ಎರವಾಗುವ ಜ್ವರದಲ್ಲಿ ಮಕ್ಕಳ ವೈದ್ಯರು ಕೆಲವೇ ದಿನಗಳ ಮಟ್ಟಿಗೆ ಚಿಕ್ಕವರಿಗೂ ಕೊಡುತ್ತಾರೆ, ಅಂಥ ಹೊತ್ತಿನಲ್ಲಿ ಇಂಟರ್‌ನೆಟ್ ನೋಡಿ ಬೇಡ ಎನ್ನಬೇಡಿ. ರಕ್ತ ತೆಳುವಾಗಿಸುವ ವಾರ್ಫರಿನ್, ಮೂರ್ಛೆರೋಗದ ಮಾತ್ರೆ, ಮೊಡವೆಗೆ ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಐಸೊಟ್ರೆಟಿನಾಯಿನ್ ಜೊತೆ ಸೇರಿದರೆ ತಲೆಬುರುಡೆಯೊಳಗಿನ ಒತ್ತಡ ಏರುವ ಅಪಾಯವಿದೆ. ಈ ಔಷಧ ಒಂದನ್ನೇ ತೆಗೆದುಕೊಳ್ಳುವವರಿಗೂ ಬಿಡದ ತಲೆನೋವು, ಕಣ್ಣು ಮಂಜಾಗುವುದು ಕಂಡರೆ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಿ. ಮುಖ, ತುಟಿ ಊದುವುದು, ಉಸಿರು ಕಟ್ಟುವುದು, ನೀರಿನಂಥ ಅಥವಾ ರಕ್ತ ಬೆರೆತ ಭೇದಿ ಇವಕ್ಕೂ ಹಾಗೆಯೇ. ಭೇದಿ ಮಾತ್ರೆ ಮುಗಿದು ಕೆಲವು ವಾರಗಳ ನಂತರವೂ ಬರಬಹುದು.

ಒಂದು ಹೊತ್ತು ಮರೆತರೆ ನೆನಪಾದಾಗ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ, ಎರಡು ಒಟ್ಟಿಗೆ ಬೇಡ.

ಕೊನೆಗೆ, ನೀರಿನಲ್ಲಿ ನಡೆದ ದಿನಾಂಕವನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ಇಲಿ ಜ್ವರ ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ, ಕೆಲವೊಮ್ಮೆ ತಿಂಗಳಾಗುವ ಹೊತ್ತಿಗೂ ಕಾಣಿಸಿಕೊಳ್ಳುತ್ತದೆ. ತಡೆಯುವ ಮಾತ್ರೆ ನುಂಗಿದವರಿಗೂ ಬರಬಹುದು. ಜ್ವರ, ಮೀನಖಂಡದಲ್ಲಿ ನೋವು, ಕೆಂಪು ಕಣ್ಣು ಶುರುವಾದರೆ ಉಳಿದ ಮಾತ್ರೆ ಹುಡುಕುತ್ತಾ ಕೂರದೆ ಆ ದಿನಾಂಕ ಮತ್ತು ಖಾಲಿ ಸ್ಟ್ರಿಪ್ ಎರಡನ್ನೂ ತೆಗೆದುಕೊಂಡು ವೈದ್ಯರ ಬಳಿ ಹೋಗಿ.