ನೋವಿಲ್ಲದ ಗಂಟನ್ನು ಮುಚ್ಚಿಡಬೇಡಿ

"ನೋವಿಲ್ಲವಲ್ಲ ಆಪಾ, ಅದಕ್ಕೇ ಸುಮ್ಮನಿದ್ದೆ." ಬಾಣಾವರದ ನನ್ನ ದವಾಖಾನೆಗೆ ಬಂದ ತಾಯಿಯೊಬ್ಬರ ಮಾತಿದು. ಸ್ತನದಲ್ಲಿದ್ದ ಗಂಟಿನ ವಿಷಯವನ್ನು ಎಂಟು ತಿಂಗಳು ಅವರು ಗಂಡನಿಗೂ ಹೇಳಿರಲಿಲ್ಲ. ಸಹೋದರಿಯರೇ, ಸ್ತನ ಕ್ಯಾನ್ಸರಿನ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 1,92,000 ಮಹಿಳೆಯರಲ್ಲಿ ಈ ರೋಗ ಹೊಸದಾಗಿ ಕಂಡುಬಂತೆಂದು ಅಂದಾಜು.

ಮುಟ್ಟು ನಿಂತು ಗುಸ್ಲ್ ಮಾಡಿದ ಮೇಲಿನ ಎರಡು-ಮೂರು ದಿನಗಳಲ್ಲಿ ಸ್ತನ ಮೃದುವಾಗಿರುತ್ತದೆ. ಆಗ ಸ್ನಾನ ಮಾಡುವಾಗ ಸೋಪಿನ ಕೈಯಿಂದ, ಮೂರು ಬೆರಳುಗಳ ಒಳಭಾಗದಿಂದ, ಕಂಕುಳಿನವರೆಗೂ ಒತ್ತಿ ನೋಡಿ. ಮುಟ್ಟು ಪೂರ್ತಿ ನಿಂತವರು ಚಂದ್ರ ಕಂಡ ಮರುದಿನವನ್ನೇ ಗುರುತಿಟ್ಟುಕೊಳ್ಳಲಿ. ಹೊಸ ಗಂಟು, ಕಿತ್ತಳೆ ಸಿಪ್ಪೆಯಂತೆ ಗುಳಿಬಿದ್ದ ಚರ್ಮ, ಹೊಸದಾಗಿ ಒಳಗೆ ಸರಿದ ತೊಟ್ಟು, ರಕ್ತ ಬೆರೆತ ಸ್ರಾವ, ತೊಟ್ಟಿನ ಮೇಲೆ ಮಾಯದ ಹುಣ್ಣು ಕಂಡರೆ ತೋರಿಸಿಕೊಳ್ಳಿ. ಹಾಲೂಡುವವರಿಗೆ ಸ್ತನ ಕೆಂಪಾಗಿ ಬಾತರೆ ಹೆಚ್ಚಾಗಿ ಅದು ಸೋಂಕು; ಔಷಧಿಗೆ ಇಳಿಯದಿದ್ದರೆ ಮತ್ತೆ ಪರೀಕ್ಷೆ ಬೇಕು. ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಆದರೆ ಅದನ್ನು ಹೇಳಬೇಕಾದುದು ಪರೀಕ್ಷೆ, ಪಕ್ಕದ ಮನೆಯವರಲ್ಲ.

ವಯಸ್ಸು ಏರಿದಂತೆ ಅಪಾಯ ಹೆಚ್ಚು. ತಾಯಿ, ಅಕ್ಕ-ತಂಗಿಯರಿಗೆ ಬಂದಿದ್ದರೆ, ಬೇಗ ಋತುಮತಿಯಾಗಿ ತಡವಾಗಿ ಮುಟ್ಟು ನಿಂತಿದ್ದರೆ, ಮೊದಲ ಹೆರಿಗೆ ಮೂವತ್ತರ ನಂತರ ಆಗಿದ್ದರೆ ಅಥವಾ ಮಕ್ಕಳೇ ಆಗದಿದ್ದರೆ, ಮುಟ್ಟು ನಿಂತ ಮೇಲೆ ಮೈ ಬಂದಿದ್ದರೆ ಎಚ್ಚರವಿರಲಿ. ಎದೆಹಾಲು ಕುಡಿಸುವುದರಿಂದ ಅಪಾಯ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ರೋಗ ಬಂದವರಲ್ಲಿ ಹೆಚ್ಚಿನವರ ಮನೆತನದಲ್ಲಿ ಯಾರಿಗೂ ಬಂದಿರುವುದಿಲ್ಲ.

ನಾನು ಯುನಾನಿ ವೈದ್ಯೆ. ನಮ್ಮ ಗ್ರಂಥಗಳಲ್ಲಿ ಇದಕ್ಕೆ ಸರತಾನ್ ಎಂದು ಹೆಸರು, ಅಂದರೆ ಏಡಿ. ಗಂಟು ಚಿಕ್ಕದಿರುವಾಗಲೇ ಪೂರ್ತಿ ಕತ್ತರಿಸಿ ತೆಗೆದರೆ ಗುಣವಾದೀತು ಎಂದು ಇಬ್ನ್ ಸೀನಾ ಸಾವಿರ ವರ್ಷಗಳ ಹಿಂದೆಯೇ ಬರೆದರು. ಲೇಪ, ಮಾಜೂನ್‌ಗಳಿಂದ ಇದು ಕರಗುವುದಿಲ್ಲ. ಇದಕ್ಕೆಂದು ನಾನು ಕೊಡುವುದೂ ಇಲ್ಲ. ಸೂಜಿ ಚುಚ್ಚಿ ಪರೀಕ್ಷಿಸಿದರೆ ರೋಗ ಹರಡುತ್ತದೆ ಎಂಬ ಭಯವೂ ಬೇಡ.

ಹಯಾ ನಮ್ಮ ಆಭರಣ, ನಿಜ. ಲೇಡಿ ಡಾಕ್ಟರನ್ನೇ ಕೇಳಿ. ಸಿಗದಿದ್ದರೆ ಚಿಕಿತ್ಸೆಗಾಗಿ ಪುರುಷ ವೈದ್ಯರಿಗೆ ತೋರಿಸಲು ಶರೀಅತ್ ಅನುಮತಿಸುತ್ತದೆ. ಗಂಡಂದಿರೇ, ನೀವೇ ಜೊತೆಗೆ ಹೋಗಿ.

ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸ್ತನ ತಪಾಸಣೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿ. ಅನುಮಾನ ಬಂದರೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಅಲ್ಲಿಂದ ಬೇಕಾದರೆ ಬೆಂಗಳೂರಿನ ಕಿದ್ವಾಯಿ. ಆ ತಾಯಿಯನ್ನೂ ಅಂದೇ ಹಾಸನಕ್ಕೆ ಕಳಿಸಿದೆ. ಹೋಗುವಾಗ ಬಿಪಿಎಲ್ ಕಾರ್ಡು, ಆಧಾರ್ ಮರೆಯಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ.