22 ನಿಮಿಷಗಳ ಸೌರವ್ಯೂಹ

ಅಂತರಿಕ್ಷದಲ್ಲಿ ಎಂಜಿನ್ ಆರಿಸಿದ ಕೂಡಲೇ ನೌಕೆ ನಿಂತುಬಿಡುತ್ತದೆಯೆ? ಪಿ.ಯು.ಸಿ. ವಿದ್ಯಾರ್ಥಿಗಳನ್ನು ಕೇಳಿ ನೋಡಿ. 'ಇಲ್ಲ, ನ್ಯೂಟನ್ನನ ಮೊದಲನೆಯ ನಿಯಮದಂತೆ ಅದು ಸಾಗುತ್ತಲೇ ಇರುತ್ತದೆ' ಎಂಬ ಸರಿಯುತ್ತರ ಬರುತ್ತದೆ. ಆದರೆ ಆ ನೌಕೆಯನ್ನು ನಡೆಸುವ ಹೊಣೆಯನ್ನು ಅವರಿಗೇ ಕೊಟ್ಟರೆ?

ನನ್ನ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. ವಿದ್ಯಾರ್ಥಿನಿಯೊಬ್ಬಳು ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ವಿಡಿಯೋ ಆಟವನ್ನು ತೆರೆದು, 'ಸಾರ್, ಇದು ನಿಮ್ಮ ಪಾಠವೇ, ಆಡಿ ನೋಡಿ' ಎಂದಳು. ಬಲವಿಜ್ಞಾನವನ್ನು ಇಪ್ಪತ್ತೈದು ವರ್ಷ ಬೋಧಿಸಿದ ನಾನು ಐದೇ ನಿಮಿಷದಲ್ಲಿ ಸೂರ್ಯನೊಳಕ್ಕೆ ಬಿದ್ದೆ!

ಆಟದ ಪರಿಚಯ

ಆಟದ ಹೆಸರು 'ಔಟರ್ ವೈಲ್ಡ್ಸ್'. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಲೆಕ್ಸ್ ಬೀಚಮ್ ಅವರ ಸ್ನಾತಕೋತ್ತರ ಪ್ರಬಂಧದ ಕೆಲಸವಾಗಿ ಹುಟ್ಟಿದ ಇದನ್ನು ಮೋಬಿಯಸ್ ಡಿಜಿಟಲ್ ಎಂಬ ಪುಟ್ಟ ಸಂಸ್ಥೆ ಬೆಳೆಸಿ 2019ರ ಮೇ ತಿಂಗಳಲ್ಲಿ ಹೊರತಂದಿತು. 2020ರಲ್ಲಿ ಇದಕ್ಕೆ ಬ್ರಿಟನ್ನಿನ ಬಾಫ್ಟಾ ಅತ್ಯುತ್ತಮ ಆಟ ಪ್ರಶಸ್ತಿ ದೊರೆಯಿತು. ಇಲ್ಲಿ ಗುಂಡು ಹಾರಿಸುವುದಿಲ್ಲ, ಅಂಕ ಕೂಡಿಸುವುದಿಲ್ಲ. ಆಟಗಾರ ಒಂದು ಪುಟ್ಟ ಗ್ರಹದ ಹೊಸ ಗಗನಯಾತ್ರಿ. ಹಿಂದೆಂದೋ ಅಳಿದುಹೋದ ಜನಾಂಗವೊಂದರ ಬರಹಗಳನ್ನು ಗ್ರಹದಿಂದ ಗ್ರಹಕ್ಕೆ ಹುಡುಕುತ್ತಾ ಹೋಗಬೇಕು. 22 ನಿಮಿಷಗಳಾಗುತ್ತಲೇ ಸೂರ್ಯ ಸಿಡಿಯುತ್ತದೆ, ಕಾಲ ಮತ್ತೆ ಮೊದಲಿಗೆ ಬರುತ್ತದೆ. ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಕೊಂಡೊಯ್ಯಬಹುದಾದದ್ದು ಒಂದೇ: ತಿಳಿದುಕೊಂಡ ವಿಷಯ.

ನಾನು ಬಿದ್ದದ್ದೇಕೆ?

ಈ ಆಟದಲ್ಲಿ ಗ್ರಹಗಳು ಎಳೆದಿಟ್ಟ ಗೆರೆಯ ಮೇಲೆ ಓಡುವುದಿಲ್ಲ. ಗುರುತ್ವ ಬಲವನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಅವನ್ನು ಚಲಿಸಲಾಗುತ್ತದೆ. ನೌಕೆಗೂ ಅದೇ ನಿಯಮ. ನಾನು ಗುರಿಯತ್ತ ಮೂತಿ ತಿರುಗಿಸಿ ಉದ್ದಕ್ಕೂ ವೇಗ ಹೆಚ್ಚಿಸುತ್ತಾ ಹೋದೆ, ಗ್ರಹ ಹತ್ತಿರವಾದಾಗ ತಡೆಯಲು ಯತ್ನಿಸಿದೆ. ಘರ್ಷಣೆಯಿಲ್ಲದ ಕಡೆ ವೇಗ ಪಡೆಯಲು ಎಷ್ಟು ಹೊತ್ತು ನೂಕಿದೆವೋ, ಅದೇ ಬಲದಿಂದ ಅದನ್ನು ಕಳೆಯಲೂ ಅಷ್ಟೇ ಹೊತ್ತು ಬೇಕು. ಅಂದರೆ ಅರ್ಧ ದಾರಿಯಲ್ಲೇ ತಡೆ ಶುರುವಾಗಬೇಕಿತ್ತು. ಗ್ರಹವನ್ನು ದಾಟಿಹೋದ ನನ್ನನ್ನು ಅದರಾಚೆಗಿದ್ದ ಸೂರ್ಯ ಎಳೆದುಕೊಂಡಿತು.

ಗುರಿಯೂ ಚಲಿಸುತ್ತಿರುತ್ತದೆ. ಆದ್ದರಿಂದ ಸೊನ್ನೆ ಮಾಡಬೇಕಾದದ್ದು ಸಾಪೇಕ್ಷ ವೇಗವನ್ನು. ಆಟದಲ್ಲಿ ಇದಕ್ಕೊಂದು ಗುಂಡಿಯೇ ಇದೆ. 2025ರ ಜನವರಿ 16ರಂದು ಇಸ್ರೋದ ಸ್ಪೇಡೆಕ್ಸ್ ಉಪಗ್ರಹಗಳೆರಡು ಕೂಡಿಕೊಂಡದ್ದೂ ಹೀಗೆಯೇ. ಎರಡೂ ಸೆಕೆಂಡಿಗೆ ಸುಮಾರು 7.6 ಕಿ.ಮೀ. ವೇಗದಲ್ಲಿ ಭೂಮಿಯನ್ನು ಸುತ್ತುತ್ತಿದ್ದವು; ಅವುಗಳ ನಡುವಿನ ಸಾಪೇಕ್ಷ ವೇಗ ಮಾತ್ರ ಮಿಲಿಮೀಟರುಗಳಲ್ಲಿ ಅಳೆಯುವಷ್ಟಿತ್ತು.

ಪುಟ್ಟ ಗ್ರಹದ ದೊಡ್ಡ ಸೆಳೆತ

ಆಟದ ಗ್ರಹಗಳ ತ್ರಿಜ್ಯ ಕೆಲವೇ ನೂರು ಮೀಟರು. ಆದರೂ ಅವುಗಳ ಮೇಲೆ ಸಲೀಸಾಗಿ ನಡೆದಾಡಬಹುದು. ತ್ರಿಜ್ಯ 250 ಮೀಟರ್, ಗುರುತ್ವ ವೇಗೋತ್ಕರ್ಷ ಭೂಮಿಯಷ್ಟೇ ಎಂದಿಟ್ಟುಕೊಳ್ಳೋಣ. ಮೇಲ್ಮೈ ಗುರುತ್ವವು ಸಾಂದ್ರತೆ ಮತ್ತು ತ್ರಿಜ್ಯಗಳ ಗುಣಲಬ್ಧಕ್ಕೆ ಅನುಪಾತೀಯ. ಭೂಮಿಯ ತ್ರಿಜ್ಯ ಇದರ ಸುಮಾರು 25,500 ಪಟ್ಟು. ಹಾಗಾಗಿ ಗ್ರಹದ ಸಾಂದ್ರತೆ ಭೂಮಿಯದರ 25,500 ಪಟ್ಟು ಇರಬೇಕು. ಒಂದು ಘನ ಸೆಂಟಿಮೀಟರ್ ಮಣ್ಣಿನ ತೂಕ 140 ಕಿಲೋಗ್ರಾಂ! ಶ್ವೇತಕುಬ್ಜ ನಕ್ಷತ್ರಗಳನ್ನು ಬಿಟ್ಟರೆ ಇಂಥ ದ್ರವ್ಯ ಸಿಗುವುದು ಕಷ್ಟ. ವಿಮೋಚನಾ ವೇಗ ಮಾತ್ರ ಸೆಕೆಂಡಿಗೆ 70 ಮೀಟರ್, ಅಂದರೆ ಗಂಟೆಗೆ 250 ಕಿ.ಮೀ. ಅಷ್ಟೇ.

ಇನ್ನೊಂದು ಜಾಣತನವೂ ಇದೆ. ಸೂರ್ಯನ ಸೆಳೆತ ವಿಲೋಮ ವರ್ಗ ನಿಯಮವನ್ನು ಪಾಲಿಸುತ್ತದೆ. ಆದರೆ ಹಲವು ಗ್ರಹಗಳಲ್ಲಿ ದೂರ ಇಮ್ಮಡಿಯಾದರೆ ಸೆಳೆತ ಕಾಲುಭಾಗಕ್ಕಿಳಿಯುವ ಬದಲು ಅರ್ಧಕ್ಕಷ್ಟೇ ಇಳಿಯುತ್ತದೆ. ಇದರ ಪರಿಣಾಮವೇನು? ವೃತ್ತೀಯ ಕಕ್ಷೆಯ ಕೇಂದ್ರಾಭಿಮುಖ ಬಲಕ್ಕೆ ಇದನ್ನು ಸಮೀಕರಿಸಿದರೆ ತ್ರಿಜ್ಯ ರದ್ದಾಗಿ, ಎಲ್ಲ ಕಕ್ಷೆಗಳಲ್ಲೂ ಒಂದೇ ವೇಗವೆಂದು ತಿಳಿಯುತ್ತದೆ. ಗೆಲಕ್ಸಿಗಳ ಹೊರಭಾಗದ ನಕ್ಷತ್ರಗಳು ಹೆಚ್ಚುಕಡಿಮೆ ಹೀಗೆಯೇ ಸುತ್ತುವುದನ್ನು 1970ರ ದಶಕದಲ್ಲಿ ವೇರಾ ರೂಬಿನ್ ತೋರಿಸಿದರು. ಕಪ್ಪುದ್ರವ್ಯದ ಒಗಟು ಅಲ್ಲಿಂದ ಬಲವಾಯಿತು.

ವಿಶ್ವದ ಕೇಂದ್ರ ಯಾರು?

ಗಣಕವು ಇಂಥ ಆಟಗಳಲ್ಲಿ ಸ್ಥಾನವನ್ನು ಸುಮಾರು ಏಳು ಅಂಕಿಗಳ ನಿಖರತೆಯಲ್ಲಿ ಇಟ್ಟುಕೊಳ್ಳುತ್ತದೆ. ಮೂಲಬಿಂದುವಿನಿಂದ 20 ಕಿ.ಮೀ. ದೂರದಲ್ಲಿ ಎರಡು ಮಿಲಿಮೀಟರಿನಷ್ಟು ದೋಷ ಬಂದು ದೃಶ್ಯ ನಡುಗತೊಡಗುತ್ತದೆ. ಇದಕ್ಕೆ ತಯಾರಕರು ಕಂಡುಕೊಂಡ ಉಪಾಯ, ಆಟಗಾರನನ್ನು ಸದಾ ಮೂಲಬಿಂದುವಿನಲ್ಲಿಟ್ಟು ಸೌರವ್ಯೂಹವನ್ನೇ ಅವನ ಸುತ್ತ ಸರಿಸುವುದು. ನಾವು ನೆಗೆದರೆ ಗ್ರಹವೇ ಕೆಳಗಿಳಿಯುತ್ತದೆ! ಆಡುವವನಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನಿರ್ದೇಶನ ಚೌಕಟ್ಟಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಎಚ್ಚರಿಕೆಯ ಮಾತು

ಆಟದ ಎಲ್ಲವೂ ಭೌತವಿಜ್ಞಾನವಲ್ಲ. ಅಲ್ಲಿ ಒಂದು 'ಕ್ವಾಂಟಮ್ ಚಂದ್ರ'ನಿದೆ. ನೋಡುತ್ತಿರುವಷ್ಟು ಹೊತ್ತು ಇದ್ದಲ್ಲೇ ಇರುತ್ತದೆ, ಕಣ್ಣು ತಪ್ಪಿಸಿದರೆ ಇನ್ನೊಂದು ಗ್ರಹದ ಬಳಿ ಹೋಗಿರುತ್ತದೆ. ಸೊಗಸಾದ ಒಗಟು. ಆದರೆ ಕ್ವಾಂಟಮ್ ಸಿದ್ಧಾಂತದಲ್ಲಿ 'ವೀಕ್ಷಣೆ' ಎಂದರೆ ಮನುಷ್ಯನ ನೋಟವಲ್ಲ. ಪರಿಸರದೊಂದಿಗೆ ನಡೆಯುವ ಪರಸ್ಪರ ಕ್ರಿಯೆಯೇ ಸಾಕು. ಬೆಳಕು, ಧೂಳು ಸದಾ ತಾಕುತ್ತಿರುವ ಚಂದ್ರನಂಥ ಕಾಯವು ಹಾಗೆ ಹರಡಿಕೊಂಡಿರಲಾರದು. ಹಾಗೆಯೇ ನಮ್ಮ ಸೂರ್ಯ ಸೂಪರ್‌ನೋವಾ ಆಗಿ ಸಿಡಿಯಲಾರದು. ಅದಕ್ಕೆ ಸೂರ್ಯನ ಎಂಟು ಪಟ್ಟಿನಷ್ಟಾದರೂ ರಾಶಿ ಬೇಕು. ನಮ್ಮ ಸೂರ್ಯ ಸುಮಾರು 500 ಕೋಟಿ ವರ್ಷಗಳ ನಂತರ ಕೆಂಪು ದೈತ್ಯವಾಗಿ, ಕೊನೆಗೆ ಶ್ವೇತಕುಬ್ಜವಾಗಿ ಉಳಿಯುತ್ತದೆ. ಇಂಥ ತಪ್ಪುಗಳನ್ನು ವಿದ್ಯಾರ್ಥಿಗಳೇ ಹುಡುಕಲಿ. ಅದೂ ಒಂದು ಅಭ್ಯಾಸ.

ಶಿಕ್ಷಕರಿಗೆ

ಮೊದಲನೆಯ ನಿಯಮವನ್ನು ಸರಿಯಾಗಿ ಬರೆದ ಸಾವಿರಾರು ಉತ್ತರಪತ್ರಿಕೆಗಳಿಗೆ ನಾನು ಪೂರ್ಣಾಂಕ ಕೊಟ್ಟಿದ್ದೇನೆ. ಅವರಲ್ಲಿ ಎಷ್ಟು ಜನ ನೌಕೆಯನ್ನು ಇಳಿಸುತ್ತಿದ್ದರೋ ಎಂಬ ಸಂಶಯ, ನಾನೇ ಬಿದ್ದ ಮೇಲೆ, ಬಂದಿದೆ. ವಾಕ್ಯ ಗೊತ್ತಿರುವುದು ಬೇರೆ, ನಿಯಮ ಗೊತ್ತಿರುವುದು ಬೇರೆ. ಒಂದು ಗಣಕವಿದ್ದರೆ ತರಗತಿಯಲ್ಲಿ ಹೀಗೆ ಮಾಡಿ: ಎಂಜಿನ್ ಯಾವಾಗ ಆರಿಸಬೇಕು, ಯಾವಾಗ ತಡೆಯಬೇಕು ಎಂದು ಮಕ್ಕಳು ಮೊದಲು ಬರೆಯಲಿ. ಬಳಿಕ ಒಬ್ಬರು ನಡೆಸಲಿ. ಬೀಳುತ್ತಾರೆ. ಏಕೆ ಬಿದ್ದೆವೆಂದು ಚರ್ಚಿಸಿ ಮತ್ತೆ ಹಾರಲಿ. ನಾನು ಇಳಿದದ್ದು ಏಳನೆಯ ಸಲ.