ತಾಲ್ಲೂಕು ಸುತ್ತುವ ಮೇಷ್ಟ್ರು

ಪರ, ಬರ, ಮರ. ಕನ್ನಡಿ ಮುಂದೆ ನಿಂತು, ದನಿ ಹೊರಡಿಸದೆ ಈ ಮೂರನ್ನೂ ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಕಿವಿ ಕೇಳದ ಮಗು ಮೇಷ್ಟ್ರ ಮುಖ ನೋಡಿಕೊಂಡೇ ಪಾಠ ಹಿಡಿಯಬೇಕು, ಯಾವುದು ಮರ ಯಾವುದು ಬರ ಎಂದು ಹಿಂದುಮುಂದಿನ ಮಾತಿನಿಂದ ಊಹಿಸಿಕೊಳ್ಳಬೇಕು. ಅಷ್ಟರಲ್ಲಿ ಮೇಷ್ಟ್ರು ಬೋರ್ಡಿನ ಕಡೆ ತಿರುಗಿ, ಬರೆಯುತ್ತಲೇ ವಿವರಿಸತೊಡಗಿದರೆ ಆ ಊಹೆಗೂ ದಾರಿಯಿಲ್ಲ. ‘ಬರೆದು ಮುಗಿಸಿ, ಆಮೇಲೆ ಈ ಕಡೆ ತಿರುಗಿ ಮಾತಾಡಿ ಸರ್’ ಎಂದು ಅವರಿಗೆ ಹೇಳುವವರು ಯಾರು?

ಹಾಗೆ ಹೇಳುವುದನ್ನೇ ಕೆಲಸ ಮಾಡಿಕೊಂಡ ಶಿಕ್ಷಕರು ನಮ್ಮ ಶಿಕ್ಷಣ ಇಲಾಖೆಯಲ್ಲಿದ್ದಾರೆ. ಇಲಾಖೆಯ ಕಾಗದದಲ್ಲಿ ಅವರು ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು. ಶಾಲೆಗಳಲ್ಲಿ ಎಲ್ಲರ ಬಾಯಲ್ಲೂ ಬಿಐಇಆರ್‌ಟಿ. ಕುರ್ಚಿ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ, ಕೆಲಸ ತಾಲ್ಲೂಕಿನ ಊರೂರಲ್ಲಿ. ಒಂದು ಬ್ಲಾಕಿಗೆ ಅವರ ಸಂಖ್ಯೆ ಬೆರಳೆಣಿಕೆಯಷ್ಟು. ಪತ್ರಿಕೆಗಳಲ್ಲಿ ಅವರ ಸುದ್ದಿ ಬರುವುದು ಸಲಕರಣೆ ವಿತರಣೆಯ ಫೋಟೋದಲ್ಲಿ ಮಾತ್ರ, ಅದೂ ಜನಪ್ರತಿನಿಧಿಗಳ ಸಾಲಿನ ಹಿಂದೆ.

ಅಂಧ, ಕಿವುಡ ಮಕ್ಕಳಿಗೆ ಬೇರೆಯೇ ಶಾಲೆ ಎಂಬುದು ಹಳೆಯ ಏರ್ಪಾಡು. ಮೈಸೂರಿನಲ್ಲಿ ಅಂಥ ಶಾಲೆ 1901ರಲ್ಲೇ ಶುರುವಾಗಿತ್ತು. ಇಂಥ ಮಕ್ಕಳನ್ನು ಊರಿನ ಸಾಮಾನ್ಯ ಶಾಲೆಯಲ್ಲೇ ಕಲಿಸೋಣ ಎಂದು ಕೇಂದ್ರ ಸರ್ಕಾರ ಯೋಜನೆ ಮಾಡಿದ್ದು 1974ರಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿತು. ಕಲಿಕಾ ನ್ಯೂನತೆ, ಆಟಿಸಂ ಕೂಡ ಅದರಲ್ಲಿವೆ. ಈ ಎರಡಕ್ಕೂ ಗಾಲಿಕುರ್ಚಿಯಿಲ್ಲ, ಕಪ್ಪು ಕನ್ನಡಕವಿಲ್ಲ. ‘ದಡ್ಡ’, ‘ಹಟಮಾರಿ’ ಎಂಬ ಹೆಸರು ಹೊತ್ತು ಹಿಂದಿನ ಬೆಂಚಿನಲ್ಲಿ ಕೂತ ಮಕ್ಕಳ ಪೈಕಿ ಇಂಥವರು ಯಾರು ಎಂದು ಗುರುತಿಸುವುದೇ ಬಿಐಇಆರ್‌ಟಿಗಳ ಕಷ್ಟದ ಕೆಲಸ.

ಉಳಿದದ್ದರಲ್ಲಿ ಬಹಳಷ್ಟು ದುಡ್ಡು ಬೇಡದ ಕೆಲಸ. ಮಂದದೃಷ್ಟಿಯ ಮಗುವಿಗೆ ಮುಂದಿನ ಸಾಲು ಸಾಕಾಗುವುದಿಲ್ಲ. ಕಿಟಕಿಯ ಬೆಳಕು ಬೋರ್ಡಿನ ಮೇಲೆ ಬಿದ್ದು ಹೊಳೆಯದ ಜಾಗ ಹುಡುಕಬೇಕು. ಬೋರ್ಡಿನಲ್ಲಿ ಬರೆದದ್ದನ್ನು ಬಾಯಲ್ಲೂ ಹೇಳಬೇಕು. ‘ಇದನ್ನು ಇದರಿಂದ ಕಳೆದರೆ ಇದು ಬರುತ್ತದೆ’ ಎಂದು ಬೆರಳು ತೋರಿಸಿಕೊಂಡು ಹೋದರೆ ಕಣ್ಣು ಕಾಣದ ಮಗುವಿಗೆ ಏನು ದಕ್ಕೀತು?

ನಮ್ಮ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಲ್ಲಿ ಇಂಥ ಮಕ್ಕಳಿಗೆ ಒಂದು ಅನುಕೂಲ ಮೊದಲೇ ಇದೆ: ನಲಿಕಲಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ಈ ಪದ್ಧತಿಯಲ್ಲಿ ಒಂದರಿಂದ ಮೂರರವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಗುಂಪಿಗೆ ‘ತಟ್ಟೆ’ ಎಂದು ಹೆಸರು. ಒಂದು ತಟ್ಟೆಯಲ್ಲಿ ಮೇಷ್ಟ್ರೇ ಕೂತು ಕಲಿಸಿದರೆ ಇನ್ನೊಂದರಲ್ಲಿ ಗೆಳೆಯರ ನೆರವು, ಮತ್ತೊಂದರಲ್ಲಿ ಸ್ವಂತ ಕಲಿಕೆ. ಕಲಿಕಾ ಏಣಿಯಲ್ಲಿ ಮಗು ತನ್ನ ವೇಗದಲ್ಲಿ ಹತ್ತುತ್ತದೆ, ರಜೆ ಹಾಕಿ ಬಂದರೆ ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ನಲಿಕಲಿಯನ್ನು ಕಟ್ಟಿದ್ದು ಅಂಗವಿಕಲ ಮಕ್ಕಳಿಗೆಂದೇ ಅಲ್ಲ. ಆದರೂ ನಿಧಾನ ಕಲಿಯುವ ಮಗುವೊಂದು ಅಲ್ಲಿ ಎದ್ದು ಕಾಣುವುದಿಲ್ಲ. ನಾಲ್ಕನೇ ತರಗತಿಗೆ ಬಂದು ಬೆಂಚು, ಪಠ್ಯಪುಸ್ತಕ, ಪೋರ್ಷನ್ ಶುರುವಾದ ಕೂಡಲೇ ಅದೇ ಮಗು ‘ಹಿಂದುಳಿದಿದೆ’ ಎನ್ನಿಸಿಕೊಳ್ಳುತ್ತದೆ. ಆ ಒಂದು ಬೇಸಿಗೆ ರಜೆಯಲ್ಲಿ ಮಗುವಿಗೆ ಆದದ್ದೇನೂ ಇಲ್ಲ.

ಶಾಲೆಗೆ ಬರಲಾಗದಷ್ಟು ತೀವ್ರ ತೊಂದರೆ ಇರುವ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವಿದೆ. ಹೆಸರು ಹತ್ತಿರದ ಶಾಲೆಯ ಹಾಜರಿ ಪುಸ್ತಕದಲ್ಲಿ, ಪಾಠ ಮನೆಯ ಜಗುಲಿಯಲ್ಲಿ. ಪಾಠ ಎಂದರೆ ಮೊದಲಿಗೆ ಅಕ್ಷರವಲ್ಲ: ಚಮಚ ಹಿಡಿಯುವುದು, ಅಂಗಿಯ ಗುಂಡಿ ಹಾಕುವುದು, ಶೌಚಕ್ಕೆ ಹೋಗಬೇಕೆಂದು ಸನ್ನೆ ಮಾಡುವುದು. ಮೇಷ್ಟ್ರು ಬರುವುದು ಅಪರೂಪವಾದ್ದರಿಂದ ನಿಜವಾಗಿ ಕಲಿಯಬೇಕಾದವರು ಅಮ್ಮ, ಅಜ್ಜಿ. ಈ ಏರ್ಪಾಡಿನ ಬಗ್ಗೆ ನನಗೊಂದು ಅನುಮಾನವೂ ಇದೆ. ಮಗುವನ್ನು ಮನೆಪಾಠದ ಪಟ್ಟಿಗೆ ಸೇರಿಸುವುದು ಸುಲಭ, ಅಲ್ಲಿಂದ ಎತ್ತಿ ತರಗತಿಗೆ ತರುವುದು ಕಷ್ಟ. ಎಷ್ಟೋ ಸಲ ಅಡ್ಡ ಬರುವುದು ಮಗುವಿನ ಅಂಗವೈಕಲ್ಯವಲ್ಲ, ಶಾಲೆಯ ಮೂರು ಮೆಟ್ಟಿಲು. ರ‍್ಯಾಂಪ್ ಎಂದರೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಎಂಬುದು ಮಾನದಂಡ; ಒಂದೂವರೆ ಅಡಿ ಜಗುಲಿಗೆ ಹದಿನೆಂಟು ಅಡಿ ಬೇಕು. ಮೆಟ್ಟಿಲ ಪಕ್ಕದ ಸಂದಿಯಲ್ಲಿ ಸಿಮೆಂಟು ಸುರಿದು ಬಣ್ಣ ಬಳಿದ ಜಾರುಬಂಡೆಯ ಮೇಲೆ ಗಾಲಿಕುರ್ಚಿ ಹತ್ತುವುದಿಲ್ಲ.

ಸಮಗ್ರ ಶಿಕ್ಷಣ ಯೋಜನೆ ಅಂಗವಿಕಲ ಮಗುವೊಂದಕ್ಕೆ ವರ್ಷಕ್ಕೆ 3,500 ರೂಪಾಯಿ ನಿಗದಿ ಮಾಡಿದೆ. ವಿಶೇಷ ಶಿಕ್ಷಕರ ಕೊರತೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಕೊಟ್ಟ ತೀರ್ಪಿನ ನಂತರ, ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೊಬ್ಬರು, ಹಿರಿಯ ಪ್ರಾಥಮಿಕದಲ್ಲಿ ಹದಿನೈದಕ್ಕೊಬ್ಬರು ವಿಶೇಷ ಶಿಕ್ಷಕರು ಎಂದು ಕೇಂದ್ರ ಲೆಕ್ಕ ಹಾಕಿತು. ತಾಲ್ಲೂಕಿಡೀ ಬೈಕಿನಲ್ಲಿ ಸುತ್ತುವವರ ಮುಂದೆ ಈ ಲೆಕ್ಕ ಹೇಳಿದರೆ ನಕ್ಕಾರು.

ಗಣಿತದ ವಿಷಯಕ್ಕೆ ಬಂದರೆ ಅವರ ಕಸುಬಿನ ಸೊಗಸು ಕಾಣುತ್ತದೆ. ಕಣ್ಣು ಕಾಣದ ಮಕ್ಕಳು ಲೆಕ್ಕ ಮಾಡುವ ಟೇಲರ್ ಫ್ರೇಮ್ ಎಂಬ ಹಲಗೆಯ ತುಂಬ ಎಂಟು ಮೂಲೆಯ ತೂತುಗಳು. ಜೊತೆಗೆ ಒಂದು ಡಬ್ಬಿ ಲೋಹದ ಅಚ್ಚು, ಎಲ್ಲವೂ ಒಂದೇ ನಮೂನೆ. ಅಚ್ಚಿನ ಒಂದು ತುದಿಯಲ್ಲಿ ಏರುಗೆರೆ, ಇನ್ನೊಂದರಲ್ಲಿ ಎರಡು ಚುಕ್ಕೆ. ತೂತಿಗೆ ಇಟ್ಟಾಗ ಗೆರೆ ಯಾವ ದಿಕ್ಕಿಗಿದೆ ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಎಂಟು ದಿಕ್ಕು, ಎರಡು ತುದಿ, ಒಟ್ಟು ಹದಿನಾರು ಚಿಹ್ನೆ. ಕೂಡುವುದು, ಕಳೆಯುವುದು, ಭಾಗಿಸುವುದು ಎಲ್ಲವನ್ನೂ ಅಚ್ಚು ಜೋಡಿಸಿ, ಬೆರಳಾಡಿಸಿ ಮಾಡಬಹುದು. ದಶಕ ಕಟ್ಟುವುದು ಕೈಗೇ ತಾಗುವುದರಿಂದ ಬೋರ್ಡ್ ನೋಡಿ ಕಲಿತವರಿಗಿಂತ ಇವರಿಗೆ ಸ್ಥಾನಬೆಲೆ ಗಟ್ಟಿಯಾಗಿ ತಿಳಿದರೂ ಆಶ್ಚರ್ಯವಿಲ್ಲ.

ಇಷ್ಟಿದ್ದೂ ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ‘ಗಣಿತದ ಬದಲು ಸಮಾಜಶಾಸ್ತ್ರ, ವಿಜ್ಞಾನದ ಬದಲು ರಾಜ್ಯಶಾಸ್ತ್ರ ತಗೊಳ್ಳಿ’ ಎಂಬ ಸಲಹೆ ಬೇಗ ಬಂದುಬಿಡುತ್ತದೆ. ಬದಲಿ ವಿಷಯ ಒಂದು ರಿಯಾಯಿತಿ. ಕೆಲವರಿಗೆ ಅದು ಬೇಕೇ ಬೇಕು. ಆದರೆ ಶಾಲೆಯಲ್ಲಿ ಕಲಿಸುವವರಿಲ್ಲ ಎಂಬ ಕಾರಣಕ್ಕೆ ತೆಗೆದುಕೊಂಡರೆ ಮುಂದೆ ಪಿಯುಸಿ ವಿಜ್ಞಾನ, ಡಿಪ್ಲೊಮಾಗಳಿಗೆ ತೊಡಕಾಗುತ್ತದೆ. ಹೆಚ್ಚುವರಿ ಸಮಯ, ಲಿಪಿಕಾರರ ನೆರವು ಬೇರೆಯಾಗಿಯೇ ಸಿಗುತ್ತವೆ, ವಿಷಯ ಬಿಟ್ಟುಕೊಡಬೇಕಿಲ್ಲ. ಯಾವ ರಿಯಾಯಿತಿ ಬೇಕು, ಯಾವುದು ಬೇಡ ಎಂಬುದನ್ನು ಅಪ್ಪ ಅಮ್ಮ ಒಂಬತ್ತನೇ ತರಗತಿಯಲ್ಲೇ ಬಿಆರ್‌ಸಿಗೆ ಹೋಗಿ ಆ ಮೇಷ್ಟ್ರ ಜೊತೆ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು. ಹೋಗುವ ಮುಂಚೆ ಒಂದು ಫೋನ್ ಮಾಡಿ. ಕಚೇರಿಯಲ್ಲಿ ಅವರು ಸಿಗುವುದು ಕಡಿಮೆ.